ಟವೆಲ್ಲಿನ ಕೆಳಗಿನ ಕೈ

ಅಂಕಣ: ಡಾಕ್ಟರ ಡೈರಿ

ಕಳೆದ ಯುಗಾದಿ ಸಂಚಿಕೆಯಲ್ಲಿ ಬಿಪಿ ಮಾತ್ರೆಗಳ ಬಗ್ಗೆ ಬರೆದಿದ್ದೆ. ಓದಿದ ಕೆಲವರು ಸಂಘದ ಊಟದ ಸಾಲಿನಲ್ಲೇ ನನ್ನನ್ನು ಹಿಡಿದು, "ಏನು ಡಾಕ್ಟ್ರೇ, ಹಬ್ಬದ ಸಂಚಿಕೆಯಲ್ಲೂ ಉಪ್ಪಿನಕಾಯಿ ಬಿಡಿ ಅಂತೀರಲ್ಲ!" ಎಂದು ತರಾಟೆಗೆ ತೆಗೆದುಕೊಂಡರು. ಆದ್ದರಿಂದ ಈ ಸಲ ಔಷಧಿಯ ಮಾತು ಬೇಡ, ಆಟದ ಮಾತಾಡೋಣ.

ಅಕ್ಟೋಬರ್ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಬಗೆಯ ಸಡಗರ. ನನ್ನವಳು ಗ್ಯಾರೇಜಿನ ಪೆಟ್ಟಿಗೆಗಳಿಂದ ದಸರಾ ಗೊಂಬೆಗಳನ್ನು ತೆಗೆದು ಒರೆಸುತ್ತಾ ಕೂರುತ್ತಾಳೆ. ನಾನು ಕಾರಿನಲ್ಲಿ ಟ್ರೇಡ್ ರೇಡಿಯೋ ಹಾಕಿಕೊಂಡು, ಮನೆ ತಲುಪಿದ ಮೇಲೂ ಐದು ನಿಮಿಷ ಇಳಿಯದೆ ಕೂರುತ್ತೇನೆ. ಫುಟಿ ಸೀಸನ್ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಅದಾದ ಮೇಲೆ ಅಕ್ಟೋಬರಿನಲ್ಲಿ ಕೆಲವು ದಿನ ಕ್ಲಬ್ಬುಗಳು ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವ ಸಂತೆ ನಡೆಯುತ್ತದೆ. ಒಂದು ಚೆಂಡೂ ಉರುಳುವುದಿಲ್ಲ, ಆದರೂ ನಮ್ಮ ಆಸ್ಪತ್ರೆಯ ಟೀ ರೂಮಿನಲ್ಲಿ ಬೇರೆ ಮಾತೇ ಇರುವುದಿಲ್ಲ. "ಅವನು ಬರ್ತಾನಂತೆ", "ಇವನು ಹೋಗ್ತಾನಂತೆ", "ಅವನ ಮ್ಯಾನೇಜರ್ ಹೀಗಂದನಂತೆ". ಈ ಮೂರನೆಯ ಮಾತಿನಲ್ಲಿ ಬರುವ ಮನುಷ್ಯ ಇದ್ದಾನಲ್ಲ, ಆ ಮ್ಯಾನೇಜರ್ ಅಥವಾ ಏಜೆಂಟ್, ಇಂದಿನ ಬರಹ ಅವನ ಕುರಿತು.

ನಾನು ತುಮಕೂರು ಕಡೆಯವನು. ಚಿಕ್ಕಂದಿನಲ್ಲಿ ಶಿವರಾತ್ರಿಯ ಹೊತ್ತಿಗೆ ತಾತ ನನ್ನನ್ನು ಸಿದ್ಧಗಂಗೆಯ ದನದ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಎತ್ತಿನ ವ್ಯಾಪಾರ ನಡೆಯುವ ಬಗೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೊಳ್ಳುವವನೂ ಮಾರುವವನೂ ನೇರವಾಗಿ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ನಡುವೆ ಒಬ್ಬ ದಲ್ಲಾಳಿ. ಹೆಗಲ ಮೇಲಿನ ಟವೆಲ್ ಕೆಳಗೆ ಕೈ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಅಲುಗಾಡುವುದು ಮಾತ್ರ. ವ್ಯಾಪಾರ ಕುದುರಿದರೆ ದಲ್ಲಾಳಿ ಆ ಕಡೆಯಿಂದಲೂ ಈ ಕಡೆಯಿಂದಲೂ ಕಮಿಷನ್ ತೆಗೆದುಕೊಂಡು ಮುಂದಿನ ಜೋಡಿಯತ್ತ ನಡೆಯುತ್ತಾನೆ. ಎತ್ತನ್ನು ಯಾರೂ ಕೇಳುವುದಿಲ್ಲ. ಅದು ಹುಲ್ಲು ಮೆಲ್ಲುತ್ತಾ ನಿಂತಿರುತ್ತದೆ.

ಇಲ್ಲಿನ ಫುಟಿಯ ಸಂತೆಗೂ ಆ ಜಾತ್ರೆಗೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಇಲ್ಲಿ ಎತ್ತಿನ ಒಪ್ಪಿಗೆಯೂ ಬೇಕು! ಎಎಫ್‌ಎಲ್ ನಿಯಮದಂತೆ ಆಟಗಾರನ ಸಮ್ಮತಿಯಿಲ್ಲದೆ ಅವನನ್ನು ಇನ್ನೊಂದು ಕ್ಲಬ್ಬಿಗೆ ಟ್ರೇಡ್ ಮಾಡುವಂತಿಲ್ಲ. ಏಜೆಂಟನ ಬಲವೆಲ್ಲ ಹುಟ್ಟಿರುವುದು ಈ ಒಂದು ನಿಯಮದಿಂದ. ಹುಡುಗನ "ಹೂಂ" ಎಂಬ ಒಂದಕ್ಷರ ಅವನ ಜೇಬಿನಲ್ಲಿರುತ್ತದೆ. ಅದನ್ನು ಯಾರಿಗೆ, ಯಾವಾಗ, ಎಷ್ಟಕ್ಕೆ ತೆಗೆದುಕೊಡಬೇಕು ಎನ್ನುವುದೇ ಅವನ ವಿದ್ಯೆ.

ಹೊಸದಾಗಿ ಬಂದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಮೊದಲು ಇದು ಮೆಲ್ಬರ್ನ್ ಸುತ್ತಮುತ್ತಲ ಆಟ. 1987ರಲ್ಲಿ ಪರ್ತ್‌ನ ವೆಸ್ಟ್ ಕೋಸ್ಟ್ ಈಗಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡಿನ ಬ್ರಿಸ್ಬೇನ್ ಬೇರ್ಸ್ ಸೇರಿದವು. 1991ರಲ್ಲಿ ಅಡಿಲೇಡ್ ಕ್ರೋಸ್, 1995ರಲ್ಲಿ ಫ್ರೀಮ್ಯಾಂಟಲ್, 1997ರಲ್ಲಿ ಪೋರ್ಟ್ ಅಡಿಲೇಡ್ ಬಂದವು. ಬೇರ್ಸ್ 1996ರ ಕೊನೆಗೆ ಫಿಟ್ಜ್‌ರಾಯ್ ಜೊತೆ ಒಂದಾಗಿ ಬ್ರಿಸ್ಬೇನ್ ಲಯನ್ಸ್ ಆಯಿತು. ಈಗ ಒಟ್ಟು 18 ತಂಡಗಳಿವೆ. ಎಲ್ಲರಿಗೂ ಸಂಬಳದ ಮಿತಿ ಒಂದೇ, ಆದ್ದರಿಂದ ಹಣವಂತ ಕ್ಲಬ್ ಎಲ್ಲರನ್ನೂ ಬಾಚಿಕೊಳ್ಳುವಂತಿಲ್ಲ. ಹೈಸ್ಕೂಲು ಮುಗಿಸುವ ಹುಡುಗರನ್ನು ಡ್ರಾಫ್ಟ್ ಎಂಬ ಸರದಿಯಲ್ಲಿ ಆರಿಸುತ್ತಾರೆ. ಕೆಳಗೆ ಬಿದ್ದ ತಂಡಕ್ಕೆ ಮೊದಲ ಸರದಿ. ಯಾರು ಕರೆದರೋ ಹುಡುಗ ಅಲ್ಲಿಗೆ ಹೋಗಬೇಕು. ಪರ್ತ್‌ನ ಹುಡುಗ ಬ್ರಿಸ್ಬೇನಿಗೆ, ಅಡಿಲೇಡಿನ ಹುಡುಗ ಪರ್ತ್‌ಗೆ. ಹದಿನೆಂಟು ವರ್ಷದ ಮಗ ಅಮ್ಮನ ಕೈಯಡುಗೆ ಬಿಟ್ಟು ನಾಲ್ಕು ಗಂಟೆ ವಿಮಾನದ ದೂರ ಹೋಗುತ್ತಾನೆ. ಎರಡು ಮೂರು ವರ್ಷಕ್ಕೆ ಊರು ನೆನಪಾಗುತ್ತದೆ. ಆಗ ಬರುವ ಸುದ್ದಿಯನ್ನು ಇಲ್ಲಿನ ಪತ್ರಿಕೆಗಳು "ಗೋ ಹೋಮ್" ಎನ್ನುತ್ತವೆ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಏಜೆಂಟರು ಟ್ರೇಡನ್ನು ಹೇಗೆ ತಿರುಗಿಸುತ್ತಾರೆ ಎನ್ನುವುದಕ್ಕೆ ನಮ್ಮ ಮೂರು ಊರುಗಳ ಕಥೆಗಳೇ ಸಾಕು. ನಾನು ಈ ದೇಶದಲ್ಲಿ ಅಡಿಲೇಡ್, ಬ್ರಿಸ್ಬೇನ್, ಪರ್ತ್ ಮೂರೂ ಕಡೆ ಬಾಳಿದವನಾದ್ದರಿಂದ ಮೂರು ಊರಿನವರೂ ನನ್ನನ್ನು ಕ್ಷಮಿಸಬೇಕು.

ಮೊದಲು ಪರ್ತ್. ಕ್ರಿಸ್ ಜಡ್ ಮೆಲ್ಬರ್ನಿನ ಹುಡುಗ. ಡ್ರಾಫ್ಟಿನಲ್ಲಿ ಈಗಲ್ಸ್ ಪಾಲಾದವನು. 2004ರಲ್ಲಿ ಬ್ರೌನ್ಲೋ ಪದಕ ಗೆದ್ದ. 2006ರಲ್ಲಿ ನಾಯಕನಾಗಿ, ಸಿಡ್ನಿಯನ್ನು ಒಂದೇ ಒಂದು ಪಾಯಿಂಟಿನಿಂದ ಸೋಲಿಸಿ ಕಪ್ ಎತ್ತಿದ. ಮರುವರ್ಷವೇ "ನಾನು ಮೆಲ್ಬರ್ನಿಗೆ ಹಿಂತಿರುಗುತ್ತೇನೆ" ಎಂದ. ಅವನ ಏಜೆಂಟ್ ಪಾಲ್ ಕಾನರ್ಸ್. ಕ್ಲಬ್ಬುಗಳು ಆಟಗಾರನನ್ನು ಸಂದರ್ಶನ ಮಾಡುವುದು ವಾಡಿಕೆ. ಆದರೆ ಆ ಸಲ ಆಟಗಾರ ಮತ್ತು ಏಜೆಂಟ್ ಸೇರಿ ಮೆಲ್ಬರ್ನಿನ ಕ್ಲಬ್ಬುಗಳನ್ನೇ ಸಂದರ್ಶನ ಮಾಡಿದರು! ಹೆಣ್ಣು ನೋಡಲು ಹೋದ ಗಂಡಿನ ಕಡೆಯವರು ಬಾಗಿಲಲ್ಲಿ ಸಾಲುಗಟ್ಟಿ ನಿಂತಂತೆ. ಕೊನೆಗೆ ಕಾರ್ಲ್ಟನ್ ಆಯ್ಕೆಯಾಯಿತು. ಕಾರ್ಲ್ಟನ್ ತನ್ನ 3 ಮತ್ತು 20ನೆಯ ಡ್ರಾಫ್ಟ್ ಸರದಿಗಳ ಜೊತೆಗೆ ಜಾಷ್ ಕೆನಡಿ ಎಂಬ ಇಪ್ಪತ್ತು ವರ್ಷದ ಹುಡುಗನನ್ನು ಈಗಲ್ಸ್‌ಗೆ ಕೊಟ್ಟಿತು. ಜಡ್‌ಗೆ ಕ್ಲಬ್ಬಿನ ಸಂಬಳದ ಜೊತೆಗೆ, ಕ್ಲಬ್ಬಿಗೆ ಹತ್ತಿರವಾಗಿದ್ದ ವೀಸಿ ಕಂಪನಿಯ ಪರಿಸರ ರಾಯಭಾರಿ ಎಂಬ ಇನ್ನೊಂದು ವರಮಾನವೂ ಸಿಕ್ಕಿತು. ಆ ಹಣ ಸಂಬಳದ ಮಿತಿಯ ಹೊರಗಿತ್ತು. ಅದನ್ನು ಎಎಫ್‌ಎಲ್ ಒಪ್ಪಿದ್ದರೂ ಉಳಿದ ಕ್ಲಬ್ಬುಗಳು ವರ್ಷಗಟ್ಟಲೆ ಗೊಣಗಿದವು.

ಆಗ ಪರ್ತ್‌ನಲ್ಲಿ ಎಲ್ಲರೂ "ಮೋಸ ಹೋದೆವು" ಎಂದುಕೊಂಡರು. ಆಮೇಲೆ ಏನಾಯಿತು ನೋಡಿ. ಜಡ್ 2010ರಲ್ಲಿ ಇನ್ನೊಂದು ಬ್ರೌನ್ಲೋ ಗೆದ್ದ, ಆದರೆ ಕಾರ್ಲ್ಟನ್‌ಗೆ ಕಪ್ ಬರಲಿಲ್ಲ. ಕೈಬದಲಾಗಿ ಬಂದ ಪಶ್ಚಿಮ ಆಸ್ಟ್ರೇಲಿಯಾದ ಹುಡುಗ ಕೆನಡಿ ಈಗಲ್ಸ್ ಪರ 712 ಗೋಲು ಹೊಡೆದು, 2018ರಲ್ಲಿ ಕಪ್ ಗೆದ್ದು, 2022ರಲ್ಲಿ ನಿವೃತ್ತನಾದ. ದೊಡ್ಡ ಹೆಸರಿನ ಏಜೆಂಟ್ ಗೆದ್ದನೆಂದು ಎದುರಿನವನು ಸೋಲಲೇಬೇಕೆಂದಿಲ್ಲ.

ಎರಡನೆಯದು ಬ್ರಿಸ್ಬೇನ್, 2013. ಒಂದೇ ಸಲಕ್ಕೆ ಐವರು ಎಳೆಯ ಆಟಗಾರರು ಲಯನ್ಸ್ ಬಿಟ್ಟರು. ಎಲಿಯಟ್ ಯೋ ಪರ್ತ್‌ಗೆ, ಜ್ಯಾರೆಡ್ ಪೊಲೆಕ್ ಅಡಿಲೇಡಿಗೆ. ಸ್ಯಾಮ್ ಡೊಕರ್ಟಿ, ಬಿಲ್ಲಿ ಲಾಂಗರ್, ಪ್ಯಾಟ್ರಿಕ್ ಕಾರ್ನೀಜಿಸ್ ಮೂವರೂ ಮೆಲ್ಬರ್ನಿನ ಬೇರೆ ಬೇರೆ ಕ್ಲಬ್ಬುಗಳಿಗೆ. ಪತ್ರಿಕೆಗಳು ಅವರನ್ನು "ಗೋ ಹೋಮ್ ಫೈವ್" ಎಂದು ಕರೆದವು. ಪಾಂಡವರು ವನವಾಸ ಮುಗಿಸಿ ಹೊರಟಂತೆ! ಅದೇ ವರ್ಷ ನಾನೂ ಸಂಸಾರ ಸಮೇತ ಬ್ರಿಸ್ಬೇನ್ ಬಿಟ್ಟು ಪರ್ತ್‌ಗೆ ಬಂದೆ. ಅಂದರೆ ಆ ವರ್ಷ ಬ್ರಿಸ್ಬೇನಿನಿಂದ ಪರ್ತ್‌ಗೆ ಬಂದವರು ಎಲಿಯಟ್ ಯೋ ಮತ್ತು ನಾನು. ನನ್ನ ವಿಷಯ ಮಾತ್ರ ರೇಡಿಯೋದಲ್ಲಿ ಬರಲಿಲ್ಲ.

ಇಲ್ಲಿ ಕೆಲಸ ಮಾಡಿದ್ದು "ಕ್ಲಬ್ ಹೆಸರು ಹೇಳುವ" ಪದ್ಧತಿ. ಏಜೆಂಟ್ "ನಮ್ಮ ಹುಡುಗ ಇಂಥ ಕ್ಲಬ್ಬಿಗೆ ಮಾತ್ರ ಹೋಗುತ್ತಾನೆ" ಎಂದು ಒಮ್ಮೆ ಹೇಳಿದರೆ ಮುಗಿಯಿತು. ಉಳಿದವರೆಲ್ಲ ಹಿಂದೆ ಸರಿಯುತ್ತಾರೆ. ಮಾರುವವನ ಮುಂದೆ ಒಬ್ಬನೇ ಗಿರಾಕಿ. ಗಿರಾಕಿ ಒಬ್ಬನೇ ಆದರೆ ಬೆಲೆ ಏನಾಗುತ್ತದೆ ಎನ್ನುವುದು ತೆಂಗಿನಕಾಯಿ ಮಾರಿದ ನಮ್ಮ ಕಡೆಯ ರೈತನಿಗೆ ಚೆನ್ನಾಗಿ ಗೊತ್ತು. ಇದರ ಜೊತೆಗೆ "ಒಪ್ಪದಿದ್ದರೆ ನಮ್ಮ ಹುಡುಗ ಡ್ರಾಫ್ಟಿಗೆ ಹೋಗುತ್ತಾನೆ, ನಿಮಗೆ ಬಿಡಿಗಾಸೂ ಸಿಗುವುದಿಲ್ಲ" ಎಂಬ ಬೆದರಿಕೆ. ಪತ್ರಕರ್ತರ ಕಿವಿಗೆ ಮೆಲ್ಲಗೆ ಒಂದು ಸುದ್ದಿ. ಇವೆಲ್ಲ ಏಜೆಂಟನ ಬತ್ತಳಿಕೆಯ ಬಾಣಗಳು.

ಲಯನ್ಸ್ ಪಾಠ ಕಲಿಯಿತು ಎನ್ನಬೇಕು. ಮುಂದೆ ಅದೇ ಗಾಳಿ ಅವರತ್ತ ಬೀಸಿತು. ಕ್ವೀನ್ಸ್‌ಲ್ಯಾಂಡಿನ ಚಾರ್ಲಿ ಕ್ಯಾಮರಾನ್ 2017ರಲ್ಲಿ ಅಡಿಲೇಡ್ ಬಿಟ್ಟು ಮನೆಯ ಕಡೆಗೆಂದು ಬ್ರಿಸ್ಬೇನಿಗೆ ಬಂದ. 2018ರಲ್ಲಿ ಲಾಕಿ ನೀಲ್ ಪರ್ತ್‌ನ ಫ್ರೀಮ್ಯಾಂಟಲ್ ಬಿಟ್ಟು ಬಂದು, 2020 ಮತ್ತು 2023ರಲ್ಲಿ ಬ್ರೌನ್ಲೋ ಗೆದ್ದ. ಐವರು ಓಡಿಹೋದ ಆ ಕ್ಲಬ್ 2024 ಮತ್ತು 2025ರಲ್ಲಿ ಸತತವಾಗಿ ಕಪ್ ಗೆದ್ದಿತು. ಏಜೆಂಟ್ ಬಾಗಿಲು ತೆರೆಯಬಲ್ಲ. ಒಳಗೆ ಬಂದವನು ಉಳಿಯುವಂತೆ ಮಾಡುವುದು ಮನೆಯವರ ಕೆಲಸ.

ಇನ್ನು ಅಡಿಲೇಡ್. ಟವೆಲ್ ಎತ್ತಿ ನೋಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಇದೇ ಕಥೆ. ಕರ್ಟ್ ಟಿಪೆಟ್ ಕ್ವೀನ್ಸ್‌ಲ್ಯಾಂಡಿನಿಂದ ಬಂದ ಎತ್ತರದ ಹುಡುಗ, ಮೊದಲು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು. 2009ರಲ್ಲಿ ಕ್ರೋಸ್ ಜೊತೆ ಹೊಸ ಒಪ್ಪಂದ ಆಯಿತು. ಎಎಫ್‌ಎಲ್‌ಗೆ ಕೊಟ್ಟ ಕಾಗದದಲ್ಲಿ ಇಲ್ಲದ ಇನ್ನೊಂದು ಮಾತು ಬದಿಯಲ್ಲಿ ಆಯಿತು. ಒಪ್ಪಂದ ಮುಗಿದ ಮೇಲೆ ಅವನು ಊರಿಗೆ ಹೋಗಬಯಸಿದರೆ ಕ್ಲಬ್ ಅವನನ್ನು ಎರಡನೆಯ ಸುತ್ತಿನ ಒಂದು ಡ್ರಾಫ್ಟ್ ಸರದಿಗೆ, ಅಂದರೆ ಅಗ್ಗದ ಬೆಲೆಗೆ, ಬಿಟ್ಟುಕೊಡಬೇಕು. ಜೊತೆಗೆ ಮಿತಿಯ ಹೊರಗಿನ ಹಣದ ಭರವಸೆ. 2012ರಲ್ಲಿ ಟಿಪೆಟ್ ಊರಿಗೆ ಹೋಗುವ ಬದಲು ಸಿಡ್ನಿಗೆ ಹೋಗುತ್ತೇನೆಂದ. ಟ್ರೇಡ್ ಮಾತುಕತೆ ನಡೆಯುತ್ತಿರುವಾಗ ಆ ಹಳೆಯ ಪತ್ರದ ಪ್ರಶ್ನೆ ಎದ್ದಿತು. ಕ್ಲಬ್ಬೇ ಹೋಗಿ ಎಎಫ್‌ಎಲ್ ಮುಂದೆ ವಿಷಯ ಹೇಳಿಕೊಂಡಿತು.

2012ರ ನವೆಂಬರಿನಲ್ಲಿ ತೀರ್ಪು ಬಂತು. ಕ್ಲಬ್ಬಿಗೆ 3 ಲಕ್ಷ ಡಾಲರ್ ದಂಡ. 2012ರ ಮೊದಲ ಎರಡು ಸುತ್ತಿನ ಸರದಿಗಳನ್ನು ಕ್ಲಬ್ ತಾನಾಗಿಯೇ ಬಿಟ್ಟುಕೊಟ್ಟಿತ್ತು, 2013ರವೂ ಹೋದವು. ಮುಖ್ಯಾಧಿಕಾರಿ ಸ್ಟೀವನ್ ಟ್ರಿಗ್ ಅಮಾನತುಗೊಂಡರು. ಟಿಪೆಟ್‌ಗೆ 50 ಸಾವಿರ ಡಾಲರ್ ದಂಡ, ಮರುವರ್ಷ 11 ಪಂದ್ಯಗಳ ನಿಷೇಧ. ಏಜೆಂಟನ ಮಾನ್ಯತೆಯನ್ನು ಆಟಗಾರರ ಸಂಘ ಅಮಾನತಿನಲ್ಲಿಟ್ಟಿತು. ಕೊನೆಗೆ ಟಿಪೆಟ್ ಡಿಸೆಂಬರಿನ ಡ್ರಾಫ್ಟ್ ಮೂಲಕ ಸಿಡ್ನಿ ಸೇರಿದ. ಅಡಿಲೇಡಿಗೆ ಸಿಕ್ಕಿದ್ದು ಸೊನ್ನೆ. ಎತ್ತೂ ಹೋಯಿತು, ದುಡ್ಡೂ ಬರಲಿಲ್ಲ, ಮೇಲೆ ಪಂಚಾಯ್ತಿ ದಂಡ!

ಆ 2012ರಲ್ಲೇ ಫ್ರೀ ಏಜೆನ್ಸಿ ಎಂಬ ಹೊಸ ನಿಯಮ ಬಂತು. ಎಂಟು ವರ್ಷ ದುಡಿದ ಆಟಗಾರನಿಗೆ ಒಪ್ಪಂದ ಮುಗಿದಾಗ ಬೇರೆ ಕಡೆ ಹೋಗಲು ಹೆಚ್ಚಿನ ಸ್ವಾತಂತ್ರ್ಯ. ಆಗಿನಿಂದ ಏಜೆಂಟರು ಕ್ಯಾಲೆಂಡರ್ ಇಟ್ಟುಕೊಂಡು ಒಪ್ಪಂದ ಬರೆಸತೊಡಗಿದರು. ಕ್ರೋಸ್‌ನ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ವಿಷಯ ನೋಡಿ. ಅವನ ಒಪ್ಪಂದ ಮುಗಿದದ್ದು ಸರಿಯಾಗಿ ಎಂಟು ವರ್ಷ ತುಂಬಿದ 2015ರಲ್ಲಿ. ಅವನ ಏಜೆಂಟ್ ಕೂಡ ಜಡ್‌ನ ಅದೇ ಕಾನರ್ಸ್. ಹುಡುಗ ತನ್ನ ಊರಿನ ಪಕ್ಕದ ಜೀಲಾಂಗ್‌ಗೆ ಹೋಗಬೇಕೆಂದ. ಅಡಿಲೇಡ್ "ಅವರು ಕೊಡುವ ಸಂಬಳವನ್ನು ನಾವೂ ಕೊಟ್ಟು ತಡೆಯುತ್ತೇವೆ" ಎಂದು ಪಟ್ಟು ಹಿಡಿದು ಕೊನೆಗೆ ಟ್ರೇಡ್ ಮಾಡಿಕೊಂಡು ಎರಡು ಒಳ್ಳೆಯ ಸರದಿಗಳನ್ನು ಪಡೆಯಿತು. ಟಿಪೆಟ್ ವಿಷಯದಲ್ಲಿ ಬರಿಗೈಯಾದ ಕ್ಲಬ್ ಈ ಸಲ ಎಲ್ಲವನ್ನೂ ಬೆಳಕಿನಲ್ಲಿ ಮಾಡಿತು. ಡೇಂಜರ್‌ಫೀಲ್ಡ್ ಮರುವರ್ಷ ಬ್ರೌನ್ಲೋ ಗೆದ್ದ.

ಏಜೆಂಟನ ಬಲಕ್ಕೆ ಮಿತಿಯೂ ಇದೆ. ಟಿಮ್ ಕೆಲಿ ಪುಟ್ಟ ಮಕ್ಕಳ ತಂದೆ. 2018ರಲ್ಲಿ ಜೀಲಾಂಗ್ ಬಿಟ್ಟು ಪರ್ತ್‌ಗೆ ಬರಬೇಕೆಂದ. ಒಪ್ಪಂದ ಇನ್ನೊಂದು ವರ್ಷ ಬಾಕಿಯಿತ್ತು. ಎರಡು ಕ್ಲಬ್ಬುಗಳಿಗೂ ಬೆಲೆ ಹೊಂದಲಿಲ್ಲ. ಅವನು ಮುನಿಸಿಕೊಳ್ಳದೆ ಇನ್ನೊಂದು ವರ್ಷ ಅಲ್ಲೇ ಚೆನ್ನಾಗಿ ಆಡಿದ. 2019ರಲ್ಲಿ ಈಗಲ್ಸ್ ಮೊದಲ ಸುತ್ತಿನ ಎರಡು ಸರದಿಗಳೂ ಸೇರಿದಂತೆ ದೊಡ್ಡ ಬೆಲೆ ತೆತ್ತು ಅವನನ್ನು ಕರೆತಂದಿತು. ಇದಕ್ಕೆ ವಿರುದ್ಧವಾದದ್ದು 2022ರ ಕಥೆ. ಅಡಿಲೇಡಿನ ಜೇಸನ್ ಹಾರ್ನ್-ಫ್ರಾನ್ಸಿಸ್ ಹಿಂದಿನ ವರ್ಷದ ಡ್ರಾಫ್ಟಿನ ಮೊದಲ ಹುಡುಗ. ಒಪ್ಪಂದ ಬಾಕಿಯಿದ್ದರೂ ಒಂದೇ ವರ್ಷಕ್ಕೆ ನಾರ್ತ್ ಮೆಲ್ಬರ್ನ್ ಬಿಟ್ಟು ಪೋರ್ಟ್ ಅಡಿಲೇಡ್ ಸೇರಿದ. ಅದಕ್ಕಾಗಿ ನಾಲ್ಕು ಕ್ಲಬ್ಬುಗಳು ಒಂದೇ ಕಂತೆಯಲ್ಲಿ ಕೊಟ್ಟು ತೆಗೆದುಕೊಂಡವು. ಪರ್ತ್‌ನ ಜೂನಿಯರ್ ರಿಯೋಲಿ ಕೂಡ ಅದೇ ಕಂತೆಯಲ್ಲಿ ಪೋರ್ಟ್‌ಗೆ ಹೋದ. ಒಲ್ಲದ ಎತ್ತನ್ನು ಗೂಟಕ್ಕೆ ಕಟ್ಟಿ ಹೊಲ ಉಳಲಾದೀತೆ?

ಟೊರಾಂಟೋದಲ್ಲಿರುವ ನನ್ನ ಷಡ್ಡಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಆತ ನಕ್ಕುಬಿಟ್ಟ. ಅವನಿಗೆ ಐಸ್ ಹಾಕಿಯ ಹುಚ್ಚು. "ನಮ್ಮ ಎನ್‌ಎಚ್‌ಎಲ್‌ನಲ್ಲಿ ಎತ್ತನ್ನು ಕೇಳುವುದೇ ಇಲ್ಲ ಮಾರಾಯ" ಎಂದ. ಅಲ್ಲಿ ಬೆಳಿಗ್ಗೆ ಒಂದು ಫೋನ್ ಬಂದರೆ ಸಂಜೆಗೆ ಇನ್ನೊಂದು ಊರಿನ ಜರ್ಸಿ ತೊಡಬೇಕು. 1988ರಲ್ಲಿ ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿ ಎಡ್ಮಂಟನ್‌ನಿಂದ ಲಾಸ್ ಏಂಜಲೀಸ್‌ಗೆ ಟ್ರೇಡ್ ಆದಾಗ ಪತ್ರಿಕಾಗೋಷ್ಠಿಯಲ್ಲೇ ಅತ್ತುಬಿಟ್ಟಿದ್ದ. ಆದ್ದರಿಂದ ಅಲ್ಲಿನ ಏಜೆಂಟರು ಒಪ್ಪಂದದಲ್ಲೇ "ಕೇಳದೆ ಕಳುಹಿಸಬಾರದು" ಅಥವಾ "ಈ ಪಟ್ಟಿಯಲ್ಲಿರುವ ತಂಡಗಳಿಗೆ ಕಳುಹಿಸಬಾರದು" ಎಂಬ ಷರತ್ತು ಬರೆಸುತ್ತಾರೆ. ಇಲ್ಲಿ ನಿಯಮವೇ ಕೊಡುವುದನ್ನು ಅಲ್ಲಿ ಏಜೆಂಟ್ ಚೌಕಾಸಿ ಮಾಡಿ ಗಳಿಸಿಕೊಡಬೇಕು. ನಮ್ಮೂರುಗಳಲ್ಲೂ ಐಸ್ ಹಾಕಿ ಇದೆ. 2000ದಲ್ಲಿ ಶುರುವಾದ ಆಸ್ಟ್ರೇಲಿಯನ್ ಲೀಗಿಗೆ ಅಡಿಲೇಡ್ ಅಡ್ರಿನಲಿನ್, ಪರ್ತ್ ಥಂಡರ್, ಬ್ರಿಸ್ಬೇನ್ ಲೈಟ್ನಿಂಗ್ ತಂಡಗಳು ಒಂದೊಂದಾಗಿ ಸೇರಿದವು. ಆದರೆ ಅದು ಹೆಚ್ಚಾಗಿ ಹವ್ಯಾಸಿಗಳ ಆಟ. ದುಡ್ಡಿಲ್ಲದ ಕಡೆ ದಲ್ಲಾಳಿಗೇನು ಕೆಲಸ?

ಷಡ್ಡಕ ಹೇಳಿದ ಇನ್ನೊಂದು ಕಥೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಬಾಬಿ ಆರ್ ಎಂಬ ಆಟಗಾರ ಬಾಸ್ಟನ್‌ನ ಕಣ್ಮಣಿ. ಅವನ ಏಜೆಂಟ್ ಅಲನ್ ಈಗಲ್ಸನ್. ಆತನೇ ಆಟಗಾರರ ಸಂಘದ ಮುಖ್ಯಸ್ಥ ಕೂಡ, ಕ್ಲಬ್ ಮಾಲೀಕರಿಗೂ ಆಪ್ತ. 1976ರಲ್ಲಿ ಆರ್ ಬಾಸ್ಟನ್ ಬಿಟ್ಟು ಶಿಕಾಗೋಗೆ ಹೋದ. ಆದರೆ ಬಾಸ್ಟನ್ ಅವನಿಗೆ ಕ್ಲಬ್ಬಿನಲ್ಲೇ 18.5 ಶೇಕಡಾ ಪಾಲು ಕೊಡಲು ಮುಂದೆ ಬಂದಿತ್ತು! ಆ ಮಾತನ್ನು ಏಜೆಂಟ್ ತನಗೆ ತಿಳಿಸಲೇ ಇಲ್ಲ ಎಂದು ಆರ್ ಮುಂದೆ ಹೇಳಿದ. ಮಂಡಿ ಕೆಟ್ಟಿದ್ದ ಅವನು ಶಿಕಾಗೋ ಪರ ಆಡಲಾದದ್ದು ಬರೇ 26 ಪಂದ್ಯ. ಈಗಲ್ಸನ್ 1998ರಲ್ಲಿ ಬೇರೆ ವಂಚನೆ ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಮಗನಂತೆ ನಂಬಿದವನು ಕೈಕೊಟ್ಟದ್ದು ಮಂಡಿನೋವಿಗಿಂತ ದೊಡ್ಡ ನೋವಾಗಿರಬೇಕು.

ಇದೆಲ್ಲ ದೊಡ್ಡವರ ಕಥೆ, ನಮಗೇನು ಎನ್ನಬೇಡಿ. ಕ್ರಿಕೆಟ್ಟಿನಲ್ಲೂ ಇದು ಬಂದಿದೆ. 2009ರಲ್ಲಿ ನಮ್ಮ ರಾಬಿನ್ ಉತ್ತಪ್ಪ ಮುಂಬೈಯಿಂದ ಬೆಂಗಳೂರು ತಂಡಕ್ಕೆ ಬಂದದ್ದು ಜಹೀರ್ ಖಾನ್ ಜೊತೆಗಿನ ಅದಲು ಬದಲಿನಲ್ಲಿ. ಮರುವರ್ಷ ರವೀಂದ್ರ ಜಡೇಜ ನಿಯಮ ಮೀರಿ ಬೇರೆ ತಂಡದೊಡನೆ ಮಾತಾಡಿದ್ದಕ್ಕೆ ಇಡೀ ಐಪಿಎಲ್ 2010 ಕಳೆದುಕೊಂಡ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನಾನೇ ಇದ್ದೇನೆ. 2004ರಲ್ಲಿ ನಾನು ಈ ದೇಶಕ್ಕೆ ಬಂದದ್ದು ಒಂದು ನೇಮಕಾತಿ ಏಜೆನ್ಸಿ ಮೂಲಕ. ಅಲ್ಲಿನ ಮಹಿಳೆ ಫೋನಿನಲ್ಲಿ ಜೇನಿನಂತೆ ಮಾತಾಡುತ್ತಿದ್ದಳು. "ಡಾಕ್ಟರ್, ಆರು ತಿಂಗಳು ಹಳ್ಳಿಯಲ್ಲಿರಿ, ಆಮೇಲೆ ಅಡಿಲೇಡ್ ನಗರದಲ್ಲೇ ಕೆಲಸ" ಎಂದಳು. ನಾನು ಎಂಡಿ ಪದವಿಯ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ನಾಲ್ಕು ವರ್ಷದ ಮಗಳ ಕೈಹಿಡಿದು ಬಂದಿಳಿದೆ. ಬಂದ ಮೇಲೆ ತಿಳಿಯಿತು. ವಿದೇಶದಲ್ಲಿ ಓದಿದ ವೈದ್ಯ ಮೆಡಿಕೇರ್ ಬಿಲ್ ಮಾಡಬೇಕಾದರೆ ಹತ್ತು ವರ್ಷ ವೈದ್ಯರ ಕೊರತೆಯಿರುವ ಪ್ರದೇಶದಲ್ಲೇ ದುಡಿಯಬೇಕು ಎಂಬ ಕಾನೂನು 1997ರಿಂದಲೇ ಇತ್ತು. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವಳಿಗೆ ಹಣ ಕೊಡುತ್ತಿದ್ದವನು ನಾನಲ್ಲ, ನನ್ನನ್ನು ತೆಗೆದುಕೊಂಡ ಆಸ್ಪತ್ರೆ. ನಾನು ಅವಳ ಗಿರಾಕಿ ಎಂದುಕೊಂಡಿದ್ದೆ. ನಿಜವಾಗಿ ನಾನು ಎತ್ತು.

ಹತ್ತು ವರ್ಷದಲ್ಲಿ ಮೂರು ರಾಜ್ಯ. ಹಳ್ಳಿಯ ಜನ ನಮ್ಮನ್ನು ಪ್ರೀತಿಯಿಂದ ನೋಡಿಕೊಂಡರು, ಸುಳ್ಳು ಹೇಳಬಾರದು. ಆದರೆ ಊರಲ್ಲಿ ಟೀಚರಾಗಿದ್ದ ನನ್ನ ಹೆಂಡತಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ಬ್ರಿಸ್ಬೇನ್ ಬಿಡುವ ದಿನ ಮಗಳು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಪ್ಪಾ, ಈ ಸಲ ನನ್ನನ್ನ ಯಾರಾದ್ರೂ ಕೇಳಿದ್ರಾ?" ನಾನು ಕಾರಿಗೆ ಸಾಮಾನು ತುಂಬುವ ನೆಪದಲ್ಲಿ ಅತ್ತ ತಿರುಗಿದೆ. ಏಜೆನ್ಸಿಯವರನ್ನು ಬೈಯುತ್ತಿದ್ದ ನಾನೂ ಮನೆಯಲ್ಲಿ ಅದನ್ನೇ ಮಾಡಿದ್ದೆ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಸ್ನೇಹಿತರೊಬ್ಬರು ಫೋನ್ ಮಾಡಿದರು. ಅವರ ಹದಿನೇಳರ ಮಗ ಫುಟಿಯಲ್ಲಿ ಚುರುಕು. "ಯಾರೋ ಮ್ಯಾನೇಜರ್ ಮನೆಗೆ ಬರ್ತಾರಂತೆ, ಪೇಪರ್ ಸೈನ್ ಮಾಡಿಸ್ಕೊಳ್ತಾರಂತೆ, ನೀವೂ ಬನ್ನಿ ಡಾಕ್ಟ್ರೇ" ಎಂದರು. ಮನೆಯ ಬೆಲೆಯಿಂದ ಮದುವೆಯವರೆಗೆ ಎಲ್ಲಕ್ಕೂ ಡಾಕ್ಟರನ್ನು ಕರೆಯುವುದು ನಮ್ಮವರ ರೂಢಿ. ಹೋದೆ. ಚಕ್ಕುಲಿ, ಕೋಡುಬಳೆ, ಕಾಫಿ. ಅಪ್ಪ ಹಣದ ಬಗ್ಗೆ ಕೇಳಿದರು. ಅಮ್ಮ ಯೂನಿವರ್ಸಿಟಿ ಬಗ್ಗೆ ಕೇಳಿದರು. ನಾನು ಮಂಡಿಯ ಲಿಗಮೆಂಟ್ ಬಗ್ಗೆ ಭಾಷಣ ಮಾಡಿದೆ. ಹುಡುಗ ಸೋಫಾದ ಮೂಲೆಯಲ್ಲಿ ಕೂತು ಕೋಡುಬಳೆ ಮೆಲ್ಲುತ್ತಿದ್ದ. ನನಗೆ ಥಟ್ಟನೆ ಸಿದ್ಧಗಂಗೆ ಜಾತ್ರೆ ನೆನಪಾಯಿತು.

ಬಂದಿದ್ದ ಏಜೆಂಟ್ ಒಳ್ಳೆಯ ಮನುಷ್ಯ. ನಾನು ಮೂರು ಪ್ರಶ್ನೆ ಕೇಳಿದೆ. ನಿಮಗೆ ಹಣ ಕೊಡುವವರು ಯಾರು? ನಮ್ಮ ಹುಡುಗನ ಜಾಗಕ್ಕೇ ಸ್ಪರ್ಧಿಸುವ ಬೇರೆ ಹುಡುಗರೂ ನಿಮ್ಮಲ್ಲಿದ್ದಾರೆಯೇ? ಕಾಗದದಲ್ಲಿ ಇಲ್ಲದ ಮಾತು ಏನಾದರೂ ಇದೆಯೇ? ಮೂರಕ್ಕೂ ಆತ ಮುಖ ಗಂಟಿಕ್ಕದೆ ಉತ್ತರಿಸಿದ. ಆಟಗಾರರ ಸಂಘದ ಮಾನ್ಯತೆಯ ವಿವರ ಕೊಟ್ಟ. ಬೇರೆ ಹುಡುಗರಿದ್ದಾರೆ ಎಂದು ಒಪ್ಪಿಕೊಂಡ. "ಇವತ್ತು ಸೈನ್ ಮಾಡಬೇಡಿ, ವಕೀಲರಿಗೆ ತೋರಿಸಿ" ಎಂದ. ಆಮೇಲೆ ಹುಡುಗನ ಕಡೆ ತಿರುಗಿ, "ನಿನಗೇನು ಬೇಕು?" ಎಂದು ಕೇಳಿದ. ಆ ಸಂಜೆ ಆ ಮಾತು ಕೇಳಿದ ಮೊದಲಿಗ ಆತನೇ. ಹೆತ್ತವರೂ ಕೇಳಿರಲಿಲ್ಲ, ಬುದ್ಧಿವಂತ ಡಾಕ್ಟರೂ ಕೇಳಿರಲಿಲ್ಲ. ಹುಡುಗ ನಿಧಾನವಾಗಿ, "ಎಲ್ಲಿ ಕರೆದರೂ ಹೋಗ್ತೀನಿ. ಆದರೆ ಅಜ್ಜಿ ಇರೋವರೆಗೆ ವರ್ಷಕ್ಕೊಂದ್ಸಲ ಊರಿಗೆ ಹೋಗಕ್ಕೆ ಬಿಡಬೇಕು" ಎಂದ. ಅವನ ಅಮ್ಮ ಕಾಫಿ ಲೋಟ ತೆಗೆಯುವ ನೆಪದಲ್ಲಿ ಒಳಗೆ ಹೋದರು.

ಆ ಹುಡುಗ ಡ್ರಾಫ್ಟಿನಲ್ಲಿ ಆಯ್ಕೆಯಾಗಲಿಲ್ಲ. ಹೆಸರುಗಳೆಲ್ಲ ಮುಗಿದ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಇಳಿಯಲಿಲ್ಲ. ಹತ್ತು ಗಂಟೆಗೆ ಫೋನ್ ಬಂತು. ಆ ಏಜೆಂಟ್! ಅವನಿಗೆ ಇನ್ನು ಒಂದು ಸೆಂಟೂ ಬರುವಂತಿರಲಿಲ್ಲ. ಆದರೂ ಹುಡುಗನ ಜೊತೆ ಅರ್ಧ ಗಂಟೆ ಮಾತಾಡಿದ. ಈಗ ಹುಡುಗ ಇಂಜಿನಿಯರಿಂಗ್ ಓದುತ್ತಾ ಶನಿವಾರಗಳಲ್ಲಿ ಇಲ್ಲಿನ ಲೋಕಲ್ ಕ್ಲಬ್ಬಿಗೆ ಆಡುತ್ತಾನೆ, ನಮ್ಮ ಸಂಘದ ಪಿಕ್ನಿಕ್ಕಿನಲ್ಲಿ ಚಿಕ್ಕ ಮಕ್ಕಳಿಗೆ ಒದೆಯುವುದನ್ನು ಕಲಿಸುತ್ತಾನೆ.

ದಲ್ಲಾಳಿ ಎಂಬ ಪದವನ್ನು ನಾವು ಬೈಗುಳದಂತೆ ಬಳಸುತ್ತೇವೆ. ಅದು ತಪ್ಪು ಎಂದು ಆ ರಾತ್ರಿ ಅನ್ನಿಸಿತು. ಹದಿನೆಂಟರ ಹುಡುಗ ಒಬ್ಬನೇ ದೊಡ್ಡ ಕ್ಲಬ್ಬಿನ ಎದುರು ಕೂತು ಬೆಲೆ ಮಾತಾಡಲಾರ, ಪರದೇಶಿ ಡಾಕ್ಟರೂ ಮಾತಾಡಲಾರ. ನಡುವೆ ಒಬ್ಬ ಬೇಕು. ಆದರೆ ಅವನು ಯಾರ ಉಪ್ಪು ತಿನ್ನುತ್ತಾನೆ ಎಂಬುದು ಗೊತ್ತಿರಬೇಕು. ಟವೆಲ್ ಎತ್ತಿ ತೋರಿಸೆಂದರೆ ತೋರಿಸುವವನಾಗಿರಬೇಕು.

ನೋಡಿ, ಕೊನೆಗೂ ಉಪ್ಪಿನ ಮಾತು ಬಂದೇಬಿಟ್ಟಿತು! ಹಬ್ಬದ ದಿನ ಒಂದು ಹೋಳು ಉಪ್ಪಿನಕಾಯಿ ಹಾಕಿಕೊಳ್ಳಿ, ಎರಡು ಬೇಡ. ಊಟವಾದ ಮೇಲೆ ಮಕ್ಕಳನ್ನು ಪಕ್ಕಕ್ಕೆ ಕರೆದು "ನಿನಗೇನು ಬೇಕು?" ಎಂದು ಒಮ್ಮೆ ಕೇಳಿ. ನನ್ನ ಮಗಳನ್ನು ಈಚೆಗೆ ಕೇಳಿದೆ. "ತಡವಾಯ್ತಪ್ಪ" ಎಂದು ನಕ್ಕಳು. ಆದರೂ ಉತ್ತರ ಕೊಟ್ಟಳು. ಅದು ನಮ್ಮಿಬ್ಬರ ನಡುವೆ ಇರಲಿ.

ಎಲ್ಲರಿಗೂ ದೀಪಾವಳಿ ಮತ್ತು ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು. ಮತ್ತೆ ಯುಗಾದಿಗೆ ಸಿಗೋಣ.